ಬಿ.ಜಿ.ಎಲ್. ಸ್ವಾಮಿ: ಗಿಡಮರಗಳ ಕಥೆಯನ್ನು ಕನ್ನಡ ಸಾಹಿತ್ಯಕ್ಕೆ ತಂದ ಮೇಷ್ಟ್ರು

ಕೋಲಾರ: ಟೊಮೆಟೊ ಅಂದ್ರೆ ಕೋಲಾರ ಅನ್ನುವಷ್ಟು ಆ ಬೆಳೆ ನಮ್ಮ ಜಿಲ್ಲೆಗೆ ಅಂಟಿಕೊಂಡಿದೆ. ಹುತ್ತೂರು ಹೋಬಳಿಯ ರೈತನಿಗೂ ಅದೀಗ ಊರಿನದೇ ಬೆಳೆ. ಆದರೆ ಅದರ ಮೂಲ ಇರುವುದು ದೂರದ ದಕ್ಷಿಣ ಅಮೆರಿಕದಲ್ಲಿ. ಆಲೂಗಡ್ಡೆ, ಕಡಲೆಕಾಯಿ, ಮೆಣಸಿನಕಾಯಿ ಕೂಡ ಅಮೆರಿಕ ಖಂಡಗಳಿಂದ ಕಡಲು ದಾಟಿ ಬಂದವೇ. ಇಂಥ ಕಥೆಗಳನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಪುಸ್ತಕದಲ್ಲಿ ಕನ್ನಡಿಗರಿಗೆ ಹೇಳಿದವರು ಪ್ರೊ. ಬಿ.ಜಿ.ಎಲ್. ಸ್ವಾಮಿ (1918–1980).

ಜಿಲ್ಲೆಯ ನಂಟು

ಸ್ವಾಮಿ ಅವರ ತಂದೆ ಡಿ.ವಿ. ಗುಂಡಪ್ಪ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ನಮ್ಮ ಜಿಲ್ಲೆಯವರೇ. ಮಗ ಮಾತ್ರ ಸಸ್ಯಶಾಸ್ತ್ರದ ದಾರಿ ಹಿಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಅವರ ಜೊತೆ ಸಂಶೋಧನೆ ಮಾಡಿದರು. ದಕ್ಷಿಣ ಭಾರತದ ಕಾಡಿನ ಒಂದು ಗಿಡಕ್ಕೆ ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿ’ ಎಂದು ಅವರದೇ ಹೆಸರಿಟ್ಟರು. ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಕೆಲಸ ಮಾಡಿದರು.

ಕಾಡಿನಿಂದ ಪುಸ್ತಕಕ್ಕೆ

ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಲು ಬೆಟ್ಟಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’. ಗಿಡದ ವಿವರ, ಹುಡುಗರ ತಮಾಷೆ, ಊರಜನರ ಮಾತು, ಹಳೆಯ ಕಾವ್ಯದ ನೆನಪು, ಲೇಖಕರೇ ಬರೆದ ಚಿತ್ರ ಎಲ್ಲವೂ ಅದರಲ್ಲಿವೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿವಿಜಿಗೆ ಇದೇ ಪ್ರಶಸ್ತಿ 1967ರಲ್ಲಿ ಬಂದಿತ್ತು.

‘ಶಾಸನಗಳಲ್ಲಿ ಗಿಡಮರಗಳು’ ಇನ್ನೊಂದು ಮುಖ್ಯ ಕೆಲಸ. ಹಳೆಯ ದಾನಶಾಸನಗಳಲ್ಲಿ ಜಮೀನಿನ ಎಲ್ಲೆ ಗುರುತಿಸಲು ಮರಗಳ ಹೆಸರು ಹೇಳುವುದುಂಟು. ಇತಿಹಾಸಕಾರರು ರಾಜರ ಹೆಸರು ಹುಡುಕುವ ಜಾಗದಲ್ಲಿ ಸ್ವಾಮಿ ಮರದ ಹೆಸರು ಹುಡುಕಿದರು.

ಸಾಹಿತ್ಯ, ಇತಿಹಾಸ, ಪರಿಸರವನ್ನು ಒಟ್ಟಿಗೆ ಓದುವ ಈ ಕ್ರಮಕ್ಕೆ ಇವತ್ತು ವಿಶ್ವವಿದ್ಯಾಲಯಗಳಲ್ಲಿ ‘ಪರಿಸರ ಮಾನವಿಕ’ ಅಂತ ಹೆಸರಿದೆ. ಆ ಹೆಸರು ಚಾಲ್ತಿಗೆ ಬರುವ ಮುಂಚೆಯೇ ಸ್ವಾಮಿ ಕನ್ನಡದಲ್ಲಿ ಆ ಕೆಲಸ ಮಾಡಿದ್ದರು.

ನಮಗೇಕೆ ಬೇಕು?

ಆಸ್ಟ್ರೇಲಿಯಾ ಮೂಲದ ನೀಲಗಿರಿ ಮರ ನಮ್ಮ ಹೊಲಗಳಿಗೆ ಬಂದಾಗ ಬೇಗ ಬೆಳೆಯುತ್ತೆ, ಕಾಸು ಕೊಡುತ್ತೆ ಅನ್ನುವುದಷ್ಟೇ ಮುಖ್ಯವಾಯಿತು. ಅಂತರ್ಜಲದ ಆತಂಕ ಹೆಚ್ಚಿದ ಮೇಲೆ, 2017ರಲ್ಲಿ, ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ, ಟೊಮೆಟೊವೇ ಅದಕ್ಕೆ ಸಾಕ್ಷಿ. ಗಿಡ ಎಲ್ಲಿಂದ ಬಂತು, ಎಷ್ಟು ನೀರು ಕೇಳುತ್ತೆ, ಏನನ್ನು ಪಕ್ಕಕ್ಕೆ ತಳ್ಳುತ್ತೆ ಅನ್ನುವುದನ್ನು ನೆಡುವ ಮೊದಲೇ ಕೇಳಬೇಕು. ಸ್ವಾಮಿ ಅವರ ಪುಸ್ತಕಗಳು ಕಲಿಸುವುದು ಈ ಕೇಳುವ ಅಭ್ಯಾಸವನ್ನೇ.

ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ಮರಗಳ ಹೆಸರು ಹುಡುಕಬಹುದು. ಕನ್ನಡ, ತೆಲುಗು ಎರಡೂ ಆಡುವ ನಮ್ಮ ಊರುಗಳಲ್ಲಿ ಹುಣಸೆ ‘ಚಿಂತ’ವೂ ಹೌದು, ಹೊಂಗೆ ‘ಕಾನುಗ’ವೂ ಹೌದು. ಹಿರಿಯರ ಬಾಯಲ್ಲಿರುವ ಈ ಜೋಡಿ ಹೆಸರುಗಳನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.