ವಿಂಡೋಸ್ 10 ಬೆಂಬಲ ಮುಗಿದರೆ ಹಳೆಯ ಕಂಪ್ಯೂಟರ್ ಗುಜರಿಗೇ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಕಂಪ್ಯೂಟರ್ ನಿಂತುಹೋಗುವುದಿಲ್ಲ. ಭದ್ರತಾ ಅಪ್‌ಡೇಟ್ ಬರದಿದ್ದರೆ ಅಪಾಯ ಹೆಚ್ಚುತ್ತದೆ, ಅಷ್ಟೆ. ವಿಂಡೋಸ್ 11 ಹಾಕಲಾಗದ ಯಂತ್ರಕ್ಕೆ ಉಚಿತವಾಗಿ ಸಿಗುವ ಉಬುಂಟು ಒಂದು ದಾರಿ.

ಕೈಪಿಡಿ ನೋಡಿ ಕಲಿಯುವವರು ಮೊದಲು ರಕ್ಷಾಪುಟದ ಆವೃತ್ತಿ ಸಂಖ್ಯೆ ನೋಡಬೇಕು. 24.04 ಎಂದರೆ 2024ರ ಏಪ್ರಿಲ್‌ನಲ್ಲಿ ಬಂದದ್ದು. 2017ರ ಅಕ್ಟೋಬರ್‌ನಲ್ಲಿ ಉಬುಂಟುವಿನ ಪರದೆಯ ವಿನ್ಯಾಸವೇ ಬದಲಾಯಿತು. ಅದಕ್ಕೂ ಹಿಂದಿನ ಪುಸ್ತಕ ಹಿಡಿದು ಕೂತರೆ ಚಿತ್ರದಲ್ಲಿರುವ ಮೆನು ಪರದೆಯಲ್ಲಿ ಸಿಗುವುದಿಲ್ಲ. ಕಲಿಯುವವರು ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ!

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಆಗುವುದಿಲ್ಲ ಎಂಬುದು ನಿಜವೇ? ಅಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ‘ಕಗಪ’ ವಿನ್ಯಾಸ ಸೇರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳುಗಳು ಬಹುಬೇಗ ಹೊಂದಿಕೊಳ್ಳುತ್ತವೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂಥ ಊರಿನಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವ ಅಂಗಡಿ ಇಟ್ಟವರಿಗೆ ಅವೇ ಬಂಡವಾಳ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಅಕ್ಷರ ಅಳಿದಿರುವುದಿಲ್ಲ, ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ವಿಂಡೋಸ್ ಇರುವಾಗಲೇ ಆ ಕೆಲಸ ಮುಗಿಸುವುದು ಜಾಣತನ ಎಂಬುದು ನಮ್ಮ ಸಲಹೆ.

ಉಬುಂಟುವನ್ನು ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಬಹುದು. ಹಾರ್ಡ್‌ಡಿಸ್ಕ್‌ನಲ್ಲಿರುವುದು ಹಾಗೇ ಇರುತ್ತದೆ. ಪ್ರಿಂಟರ್, ಸ್ಕ್ಯಾನರ್, ವೈಫೈ ಓಡುತ್ತವೆಯೇ ಎಂದು ಆಗಲೇ ಪರೀಕ್ಷಿಸಿ. ಇನ್‌ಸ್ಟಾಲ್ ಮಾಡುವಾಗ ‘ಇರೇಸ್ ಡಿಸ್ಕ್’ ಆಯ್ದರೆ ವಿಂಡೋಸ್ ಜೊತೆ ಎಲ್ಲ ಕಡತಗಳೂ ಅಳಿಯುತ್ತವೆ. ಆದ್ದರಿಂದ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಎರಡು ಮೂರು ಕಡತ ತೆರೆದು ನೋಡಿದ ಮೇಲಷ್ಟೇ ಮುಂದಿನ ಬಟನ್ ಒತ್ತಿ.