ತರಗು ಬೆಂಕಿ ಮತ್ತು ಲಂಟಾನ

ಬಿಳಿಗಿರಿಯ ರಂಗನಾಥನನ್ನು ಸೋಲಿಗರು ‘ರಂಗಭಾವ’ ಎಂದು ಕರೆಯುತ್ತಾರೆ. ಅವರ ಕುಲದ ಕುಸುಮಾಲೆಯನ್ನು ದೇವರು ವರಿಸಿದನೆಂಬ ಕಥೆ ಜಾನಪದವನ್ನು ಬಲ್ಲವರಿಗೆ ಹೊಸದಲ್ಲ. ದೇವರೊಡನೆ ಇಷ್ಟು ಸಲುಗೆಯುಳ್ಳ ಜನ ತಮ್ಮ ಕಾಡಿನೊಡನೆ ಹೇಗೆ ಬಾಳಿದರೆಂಬುದು ಮಾತ್ರ ಪಟ್ಟಣಿಗರಾದ ನಮಗೆ ಅಷ್ಟಾಗಿ ತಿಳಿಯದು. ಪರದೇಶದ ಗಿಡವೊಂದರ ನೆಪದಲ್ಲಿ ಅದನ್ನು ಕೊಂಚ ನೋಡಬಹುದು.

ಗಿಡದ ಹೆಸರು ಲಂಟಾನ. ತವರು ಅಮೆರಿಕದ ಉಷ್ಣವಲಯ. 17ನೆಯ ಶತಮಾನದಲ್ಲಿ ಡಚ್ಚರು ಅದನ್ನು ಯುರೋಪಿನ ತೋಟಗಳಿಗೆ ಒಯ್ದರು. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಣ್ಣ ಬದಲಿಸುವ ಹೂಗೊಂಚಲಿಗೆ ಮನಸೋತು ಬೇಲಿಗೆ ನೆಟ್ಟವರೂ ಉಂಟು. ಉಳಿದ ಕೆಲಸವನ್ನು, ಹಣ್ಣು ತಿಂದು ಬೀಜ ಉದುರಿಸುವ ಹಕ್ಕಿಗಳು ಮಾಡಿದವು.

ಹಬ್ಬಿದ ಗಿಡವನ್ನು ಅಡಗಿಸಲು 1921ರಲ್ಲಿ ಅದರ ಬೀಜಕ್ಕೆ ಬೀಳುವ ನೊಣವನ್ನು ಹವಾಯಿಯಿಂದ ತರಿಸಿದರು. 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸ ಹೀರುವ ಪುಟ್ಟ ತಿಗಣೆ ಡೆಹರಾಡೂನಿಗೆ ಬಂದಿತು. ಅದು ತೇಗದ ಹೂವನ್ನೂ ಮುಟ್ಟುತ್ತದೆಂದು ಕಂಡುಬಂದಾಗ ಸಾಕಿದ್ದ ಹುಳುಗಳನ್ನೆಲ್ಲ ನಾಶಪಡಿಸಿದರು. ಆದರೆ ಅಷ್ಟರಲ್ಲೇ ಕೆಲವು ತಪ್ಪಿಸಿಕೊಂಡು ನಾಡಿನಲ್ಲಿ ನೆಲಸಿಬಿಟ್ಟಿದ್ದವು! ಲಂಟಾನವಂತೂ ಜಗ್ಗಲಿಲ್ಲ.

ಹೊರನಾಡಿನ ಹುಳುವಿಗೆ ದೊರೆತ ಆದರ ಬೆಟ್ಟದವರ ಅರಿವಿಗೆ ದೊರೆಯಲಿಲ್ಲ. ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ರೂಢಿಯಿತ್ತು. ಬೇಸಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತಂಪಿರುವಾಗಲೇ, ಉದುರಿದ ಎಲೆಗೆ ಕಿಡಿ ತಾಗಿಸುತ್ತಿದ್ದರು. ಉರಿ ನೆಲದ ಮೇಲೆಯೇ ಹರಿದು ಆರುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು, ಉಣ್ಣೆ ಕಡಿಮೆಯಾಗುತ್ತಿತ್ತು. ನೆಲ್ಲಿಮರವನ್ನು ಹೀರುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಲಂಟಾನದ ಎಳೆಯ ಸಸಿಗಳು ಆ ಉರಿಯಲ್ಲೇ ಮುಗಿಯುತ್ತಿದ್ದವೆಂಬುದೂ ಅವರ ಮಾತು.

1972ರ ವನ್ಯಜೀವಿ ಕಾಯಿದೆಯ ಬೆನ್ನಲ್ಲೇ 1974ರಲ್ಲಿ ಬೆಟ್ಟವು ಅಭಯಾರಣ್ಯವಾಯಿತು. ಬೆಂಕಿ ಅಪರಾಧವೆನಿಸಿತು, ಸೋಲಿಗರು ಒಳಗಾಡಿನ ನೆಲೆಗಳನ್ನು ಬಿಟ್ಟು ಪೋಡುಗಳಲ್ಲಿ ನೆಲಸಬೇಕಾಯಿತು. ಮುಂದೆ ಸಂಶೋಧಕರು 1997ರಲ್ಲಿ ಪರೀಕ್ಷಿಸಿದ ನೆಲದ ತುಂಡುಗಳಲ್ಲಿ ಅರ್ಧಕ್ಕಿಂತ ಕಡಿಮೆ ಕಡೆ ಲಂಟಾನವಿತ್ತು. 2008ರಲ್ಲಿ ಮತ್ತೆ ನೋಡಿದಾಗ ಐದರಲ್ಲಿ ನಾಲ್ಕು ಪಾಲನ್ನು ಆಕ್ರಮಿಸಿತ್ತು. ಅದರ ಪೊದೆಯ ಕೆಳಗೆ ಹುಲ್ಲಿಗಾಗಲಿ ಮರಗಳ ಸಸಿಗಾಗಲಿ ಎಡೆಯೆಲ್ಲಿ?

ಬೆಂಕಿಯೇ ಲಂಟಾನವನ್ನು ಬೆಳೆಸುತ್ತದೆ ಎನ್ನುವ ಅರಣ್ಯತಜ್ಞರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ಸುಟ್ಟ ಬುಡ ಮತ್ತೆ ಚಿಗುರುವುದು ನಿಜ. ಆದರೆ ಯಾವ ಬೆಂಕಿ, ಯಾವ ತಿಂಗಳಿನದು ಎಂದು ಕೇಳದೆ ತೀರ್ಪು ಕೊಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಬೇಸಗೆಯ ಕಾಳ್ಗಿಚ್ಚನ್ನೂ ತರಗು ಬೆಂಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಈಗ ಹಳೆಯ ರೂಢಿಯನ್ನು ಹಾಗೆಯೇ ಮರಳಿಸುವುದೂ ಸುಲಭವಲ್ಲ. ಪೊದೆ ಆಳೆತ್ತರಕ್ಕೆ ಒತ್ತಾಗಿ ಬೆಳೆದಿರುವುದರಿಂದ ಅದಕ್ಕೆ ಹತ್ತಿದ ಉರಿ ನೆಲದಲ್ಲಿ ನಿಲ್ಲದೆ ಮರದ ನೆತ್ತಿಗೇರುತ್ತದೆ.

2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ನೆರೆಯ ಮಲೆಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಾಗಿಸಿ ಕುರ್ಚಿ ಹೆಣೆಯುವ ಕಸುಬೂ ಬೆಳೆದಿದೆ. ಆದರೆ ಕುರ್ಚಿಗೆ ಬೇಕಾದುದು ಕಡ್ಡಿ ಮಾತ್ರ. ಬುಡ ನೆಲದಲ್ಲೇ ಉಳಿದರೆ ಮುಂದಿನ ಮಳೆಗೆ ಅದು ಮತ್ತೆ ಒಡೆಯುತ್ತದೆ. ಬುಡವನ್ನು ಕಿತ್ತರೂ, ಹಕ್ಕಿ ಉದುರಿಸಿದ ಬೀಜದ ಸಸಿ ಕೀಳಲು ವರುಷ ವರುಷವೂ ಅಲ್ಲಿಗೇ ಮರಳಿ ಹೋಗಬೇಕು.