ಹೆಪ್ಪು ಉಳಿಸಿಕೊಂಡವರು

ಕೋಲಾರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಸಂಸ್ಕರಿಸಿದ ನೀರು ನಮ್ಮ ಕಡೆಯ ಕೆರೆಗಳಿಗೆ ಬರತೊಡಗಿತು. ನಮ್ಮ ಜನ ಅದನ್ನು ಈಗಲೂ ‘ಕೆ.ಸಿ. ವ್ಯಾಲಿ ನೀರು’ ಅಂತಲೇ ಕರೆಯುವುದು. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ನಿಂತಾಗ ಊರೇ ಏರಿಯ ಮೇಲೆ ಸೇರಿತ್ತು. ಅಜ್ಜಿ ಮಾತ್ರ ಕೇಳಿದಳು: “ಬೆಂಗಳೂರಿನ ಕೊಳಚೇನ ಯಾರಪ್ಪ ತೊಳೆದೋರು?”

ಆಗ ಬಿ.ಎಸ್ಸಿ. ಓದುತ್ತಿದ್ದ ನಾನು “ಬ್ಯಾಕ್ಟೀರಿಯಾ ಅಜ್ಜಿ” ಎಂದೆ. ಈಗ ವಿಜ್ಞಾನದ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹಳೆಯ ಪ್ರಬಂಧಗಳನ್ನು ಓದುತ್ತ ಹೋದಂತೆ, ಅಂದು ಅಜ್ಜಿಗೆ ಕೊಟ್ಟದ್ದು ಅರ್ಧ ಉತ್ತರ ಎಂದು ಗೊತ್ತಾಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೂಕ್ಷ್ಮಜೀವಿ ಎಂದರೆ ಮೊದಲು ನೆನಪಾಗುತ್ತಿದ್ದುದು ರೋಗ. ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1860ರ ದಶಕದಲ್ಲಿ ಅವುಗಳನ್ನು ಕೊಲ್ಲಲು ಕಾರ್ಬಾಲಿಕ್ ಆಮ್ಲ ಬಳಸಿದ್ದ. ಅದರ ಇನ್ನೊಂದು ಹೆಸರು ಫೀನಾಲ್. ಆದರೆ 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಬೇರೆಯೇ ಒಂದು ಸಂಗತಿ ತೋರಿಸಿದರು. ಮರಳಿನ ಮೂಲಕ ಕೊಳಚೆ ನೀರು ಹರಿಸಿದಾಗ ಕೆಲವು ದಿನಗಳ ನಂತರ ಅದರೊಳಗಿನ ಅಮೋನಿಯಾ ನೈಟ್ರೇಟ್ ಆಗತೊಡಗಿತು. ಕ್ಲೋರೋಫಾರ್ಮ್ ಆವಿ ಕೊಟ್ಟರೆ ಈ ಕ್ರಿಯೆ ನಿಂತುಹೋಗುತ್ತಿತ್ತು. ಅಂದರೆ ನೀರನ್ನು ಶುದ್ಧಮಾಡುತ್ತಿದ್ದುದು ಬರೀ ಮರಳಲ್ಲ, ಮರಳಿನಲ್ಲಿ ನೆಲೆಸಿದ್ದ ಜೀವಿಗಳು.

ಕಾರ್ಖಾನೆಯ ವಿಷದ ಮಾತೇನು? ಆ ಕಾಲದ ಇಂಗ್ಲೆಂಡಿನ ಊರುಗಳಲ್ಲಿ ದೀಪ ಉರಿಸಲು ಕಲ್ಲಿದ್ದಲನ್ನು ಕಾಯಿಸಿ ಗ್ಯಾಸ್ ತೆಗೆಯುತ್ತಿದ್ದರು. ಅಲ್ಲಿಂದ ಹೊರಬೀಳುವ ನೀರಿನಲ್ಲಿ ಇದೇ ಫೀನಾಲ್ ತುಂಬಿರುತ್ತಿತ್ತು. 1911ರಲ್ಲಿ ಗಿಲ್ಬರ್ಟ್ ಫೌಲರ್, ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬ ಮೂವರು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೆಲವು ಬ್ಯಾಕ್ಟೀರಿಯಾಗಳು ಫೀನಾಲನ್ನು ಆಕ್ಸಿಡೀಕರಿಸಬಲ್ಲವು ಎಂಬುದು ಅದರ ಸಾರ. ಲಿಸ್ಟರ್ ಯಾವುದರಿಂದ ಅವುಗಳನ್ನು ಕೊಲ್ಲಹೊರಟಿದ್ದನೋ, ಅವುಗಳ ಬಳಗದವೇ ಕೆಲವು ಅದನ್ನೇ ಕರಗಿಸಿ ಅರಗಿಸಿಕೊಳ್ಳುತ್ತಿದ್ದವು.

ಮುಂದಿನ ವರ್ಷ ಫೌಲರ್ ಅಮೆರಿಕದ ಲಾರೆನ್ಸ್ ಪ್ರಯೋಗಕೇಂದ್ರಕ್ಕೆ ಹೋದ. ಅಲ್ಲಿ ಕೊಳಚೆ ನೀರಿಗೆ ಗಾಳಿ ಊದುವ ಪ್ರಯೋಗ ನಡೆಯುತ್ತಿತ್ತು. ಅದರ ಸುದ್ದಿಯನ್ನು ಮ್ಯಾಂಚೆಸ್ಟರಿಗೆ ತಂದ. ಡೇವಿಹ್ಯೂಮ್ ಶುದ್ಧೀಕರಣ ಘಟಕದಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಬಾಟಲಿಗಳಲ್ಲಿ ಕೊಳಚೆ ತುಂಬಿ ಗಾಳಿ ಊದಿದರು. ಮೊದಲ ಸಲ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯಿತು. ಆಮೇಲೆ ತಿಳಿನೀರನ್ನು ಬಸಿದು, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಹಾಗೇ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಸುರಿದರು. ಹೀಗೆ ಮತ್ತೆ ಮತ್ತೆ ಮಾಡುತ್ತ ಹೋದಂತೆ ವಾರಗಳ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಆ ಕೆಸರಿಗೆ ಅವರು ಕೊಟ್ಟ ಹೆಸರು ‘ಆಕ್ಟಿವೇಟೆಡ್ ಸ್ಲಡ್ಜ್’. 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಈ ಫಲಿತಾಂಶವನ್ನು ಮಂಡಿಸಿದರು.

ನನ್ನ ಮಟ್ಟಿಗೆ ಇದು ಹೆಪ್ಪಿನ ಕತೆ. ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಉಳಿಸದಿದ್ದರೆ ನಾಳೆ ಮೊಸರಿಲ್ಲ. ಅಲ್ಲಿಯವರೆಗೆ ಕೆಸರೆಂದರೆ ಹೊರಗೆ ಸಾಗಿಸಬೇಕಾದ ತಲೆನೋವು. ಕೆಲಸ ಮಾಡುವ ಜೀವಿಗಳೆಲ್ಲ ಅದರಲ್ಲೇ ಇವೆ ಎಂದು ಕಂಡುಕೊಂಡದ್ದು ಈ ಇಬ್ಬರ ಸಾಧನೆ.

ಕತೆ ಇಲ್ಲಿಂದ ನಮ್ಮೂರಿನ ಕಡೆ ತಿರುಗುತ್ತದೆ. 1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದ. 1921ರಲ್ಲಿ ಶುರುವಾದ ಜೀವರಸಾಯನ ವಿಭಾಗಕ್ಕೆ ಅವನೇ ಮೊದಲ ಮುಖ್ಯಸ್ಥ. ಅವನು ಹೋದ ಮೇಲೂ ಕೆಲಸ ನಿಲ್ಲಲಿಲ್ಲ. 1942ರಲ್ಲಿ ಅದೇ ಸಂಸ್ಥೆಯ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್, ಈ ಕೆಸರಿನಲ್ಲಿ ಬ್ಯಾಕ್ಟೀರಿಯಾ ಅಷ್ಟೇ ಅಲ್ಲ, ಪ್ರೊಟೊಜೋವಾಗಳಿಗೂ ದೊಡ್ಡ ಪಾತ್ರವಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಇದೇ ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯನ್ನು ಕಟ್ಟಿದವರು. ಕೊಳಚೆಯ ಹೆಪ್ಪನ್ನು ಇಷ್ಟು ಹಿಂದೆಯೇ ಅಧ್ಯಯನ ಮಾಡಿದ ಊರಿನಲ್ಲೇ 2015ರಲ್ಲಿ, ಮತ್ತೆ 2017ರಲ್ಲಿ, ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈಗ ಅಜ್ಜಿಗೆ ಕೊಡಬೇಕಿದ್ದ ಉಳಿದರ್ಧ ಉತ್ತರ. ಸೂಕ್ಷ್ಮಜೀವಿಗಳು ಫೀನಾಲನ್ನು ಒಡೆಯಬಲ್ಲವು. ಸೀಸ, ಕ್ಯಾಡ್ಮಿಯಂಗಳನ್ನು ಒಡೆಯಲಾರವು, ಏಕೆಂದರೆ ಅವು ಮೂಲಧಾತುಗಳು. ಅವು ಕೆಸರಿಗೆ ಅಂಟಿಕೊಳ್ಳುತ್ತವೆ, ಇಲ್ಲವೇ ನೀರಿನೊಂದಿಗೆ ಮುಂದಕ್ಕೆ ಹೋಗುತ್ತವೆ. ಹೊಸ ರಾಸಾಯನಿಕಕ್ಕೆ ಒಗ್ಗಿಕೊಳ್ಳಲು ಹೆಪ್ಪಿಗೆ ಕಾಲಾವಕಾಶ ಬೇಕು. ಯಾರಾದರೂ ರಾತ್ರೋರಾತ್ರಿ ಟ್ಯಾಂಕರ್‌ಗಟ್ಟಲೆ ವಿಷ ಸುರಿದರೆ ಹೆಪ್ಪೇ ಸಾಯುತ್ತದೆ. ಕರೆಂಟು ಹೋಗಿ ಗಾಳಿ ನಿಂತರೂ ಅದಕ್ಕೆ ಉಸಿರು ಕಟ್ಟುತ್ತದೆ. ಕೋಲಾರದ ಜನ ಮೂರನೆಯ ಹಂತದ ಶುದ್ಧೀಕರಣವೂ ಬೇಕು ಎಂದು ಕೇಳುತ್ತಿರುವುದು ವಿಜ್ಞಾನದ ಮೇಲಿನ ಅಪನಂಬಿಕೆಯಿಂದಲ್ಲ. ವಿಜ್ಞಾನ ಹೇಳಿದ ಮಿತಿಯನ್ನೇ ಅವರು ಎತ್ತಿ ತೋರಿಸುತ್ತಿದ್ದಾರೆ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಹೆಪ್ಪು ಎಂದೊಡನೆ ಅವಳಿಗೆ ಎಲ್ಲ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಸರಿ ಕಣಪ್ಪ, ಆ ಹೆಪ್ಪು ಕೆಟ್ಟ ದಿವಸ ನಮಗ್ಯಾರು ಬಂದು ಹೇಳ್ತಾರೆ?”

ನನ್ನ ಬಳಿ ಉತ್ತರವಿರಲಿಲ್ಲ.